ಮಾತಿಲ್ಲದ ಸಂಚಿಕೆ

ಜೂನ್ ೩, ಸೋಮವಾರ

ಇವತ್ತಿನಿಂದ ನನ್ನ ಬಾಯಿಗೆ ಬೀಗ. ಗಂಟಲಿನ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, "ಗಂಟು ಪೂರ್ತಿ ತೆಗ್ದಿದೀನಿ. ಇನ್ನು ನೀವು ಕೆಡಿಸ್ಕೋಬೇಡಿ" ಎಂದರು. ಅವರು ಹೇಳುವ ತನಕ ಮಾತಾಡಕೂಡದು, ಗುನುಗಕೂಡದು, ನಗಕೂಡದು. ಪಿಸುಗುಟ್ಟುವುದಂತೂ ಕೂಗುವುದಕ್ಕಿಂತ ಕೆಟ್ಟದ್ದಂತೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲೇ ಏನೋ ಹೇಳಲು ಬಾಯಿ ತೆರೆದು, ಕೈಯಿಂದ ಮುಚ್ಚಿಕೊಂಡೆ. ನೋಡಿದವರು ಏನೆಂದುಕೊಂಡರೋ.

ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಯಾವ ಬಸ್ಸು, ಎಲ್ಲಿಗೆ, ಎಷ್ಟನೇ ಪ್ಲಾಟ್‌ಫಾರ್ಮು. ಊರಿನಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಸೋಪು ಕೇಳಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಅದೊಂದು ಜಂಬ ನನಗೆ, ಇಲ್ಲ ಅನ್ನುವುದಿಲ್ಲ.

ರಜೆ ಕೇಳಲು ಹೋದಾಗ ನಮ್ಮ ಸಾಹೇಬರು ಕನ್ನಡಕ ತೆಗೆದು ಒರೆಸುತ್ತ ಕೂತರು. ಅವರು ಕನ್ನಡಕ ಒರೆಸಿದರೆ ಏನೋ ಕಾದಿದೆ ಎಂದೇ ಅರ್ಥ. "ರೆಕಾರ್ಡ್ ಮಾಡಿರೋ ದನಿಯ ಯಂತ್ರ ಬರ್ತಾ ಇದೆಯಮ್ಮ. ಜುಲೈ ಮಧ್ಯದಲ್ಲಿ ಬಂದು ಒಂದ್ಸಲ ಮೈಕಲ್ಲಿ ಓದಿ ತೋರ್ಸಿ. ದನಿ ಸರಿಹೋಗಿದ್ರೆ ನೀವೇ ಇರಿ, ಯಂತ್ರ ಬೇಡ ಅಂತ ನಾನೇ ಬರೀತೀನಿ. ಇಲ್ದಿದ್ರೆ ಕಳೆದ ಸಾಮಾನಿನ ಕೋಣೆ ಇದ್ದೇ ಇದೆ. ಅಲ್ಲಿ ಮಾತೇ ಬೇಕಾಗಿಲ್ಲ, ಆರಾಮ." ಆರಾಮವಂತೆ! ಯಾರೋ ಮರೆತುಹೋದ ಛತ್ರಿಗಳ ನಡುವೆ ನಾನೂ ಒಂದು ಛತ್ರಿಯಾಗಿ ಕೂತಿರಬೇಕಂತೆ.

ಮಾತಾಡದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಈ ಬರವಣಿಗೆ.

ಒಂದೇ ಒಂದು ಸಮಾಧಾನವೆಂದರೆ ಕಾಮಿಕ್ಸ್. ಗಂಟಲಿನ ಗಲಾಟೆಯಲ್ಲಿ 'ದೀಪಸ್ತಂಭ'ದ ಮೂರು ಸಂಚಿಕೆ ಓದದೇ ಬಿದ್ದಿವೆ. ನಲವತ್ತು ದಾಟಿದ ಹೆಂಗಸು ಹದಿನೈದು ದಿನಕ್ಕೊಮ್ಮೆ ಕಾಮಿಕ್ಸಿಗಾಗಿ ಅಂಗಡಿ ಮುಂದೆ ನಿಲ್ಲುತ್ತಾಳೆ ಎಂದು ನಗುವವರು ನಗಲಿ. ಅವರಿಗೆ ದೀಪದಮ್ಮನ ಪರಿಚಯವಿಲ್ಲ.

ಜೂನ್ ೫, ಬುಧವಾರ

ಅರವತ್ತೊಂದನೇ ಸಂಚಿಕೆ ಮುಗಿಸಿದೆ. ಅಬ್ಬಾ! ಮಂಜಿನ ಸಾಹುಕಾರ ದೀಪಸ್ತಂಭದ ದೀಪವನ್ನೇ ಕದ್ದುಬಿಟ್ಟ. ಒಡೆದದ್ದಲ್ಲ, ಆರಿಸಿದ್ದಲ್ಲ, ಬೆಳಕನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ಕೊನೆಯ ಪುಟದಲ್ಲಿ ದೀಪದಮ್ಮ ಖಾಲಿ ಗಾಜಿನ ಗೂಡಿನೊಳಗೆ ನಿಂತಿದ್ದಾಳೆ, ಪುಟವಿಡೀ ಕಪ್ಪು, ಅವಳ ಕಣ್ಣು ಮಾತ್ರ ಬಿಳಿ. ಆ ಪುಟ ತಿರುವಲು ಮನಸ್ಸೇ ಬರಲಿಲ್ಲ.

ಅರವತ್ತೆರಡಕ್ಕೆ ಹೊಸ ಚಿತ್ರಕಾರ ಬಂದಿದ್ದಾನೆ. ಬಂದದ್ದೇಕೋ! ಇವನಿಗೆ ಕೈ ಬರೆಯಲು ಬರುವುದಿಲ್ಲ. ಎಲ್ಲರ ಕೈಯೂ ಜೇಬಿನಲ್ಲಿ, ಇಲ್ಲವೇ ಬೆನ್ನ ಹಿಂದೆ. ಹಡಗು ಬಂಡೆಗೆ ಬಡಿಯುತ್ತಿದೆ, ನಾವಿಕರೆಲ್ಲ ಜೇಬಿನಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದಾರೆ. ಪಾಪ ಮಿಣುಕಿಯನ್ನಂತೂ ಕತ್ತಿನವರೆಗೆ ನೀರಿನಲ್ಲಿ ಮುಳುಗಿಸಿಟ್ಟಿದ್ದಾನೆ, ಕೈ ಬರೆಯುವ ತಾಪತ್ರಯವೇ ಬೇಡವೆಂದು.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಕಣ್ಣಿನ ನರದ ತೊಂದರೆ. ಬೆಳಕು ಗೊತ್ತಾಗುತ್ತದೆ, ದೊಡ್ಡ ದೊಡ್ಡ ಬಣ್ಣ ಗೊತ್ತಾಗುತ್ತದೆ, ಮುಖ, ಅಕ್ಷರ, ಚಿತ್ರ ಯಾವುದೂ ಇಲ್ಲ. ಐದಾರು ವರ್ಷದಿಂದ ನಾನೇ ಅವರಿಗೆ ಕಾಮಿಕ್ಸ್ ಓದಿ ಹೇಳುವುದು, ಒಬ್ಬೊಬ್ಬರಿಗೆ ಒಂದೊಂದು ದನಿ ಹಾಕಿ. ಬೇರೆ ಎಲ್ಲ ವಿಷಯಕ್ಕೂ ನಮಗೆ ಜಗಳ. ಕಿಟಕಿ ತೆಗೆಯುವುದರಿಂದ ಹಿಡಿದು ಬಟ್ಟೆ ಮಡಿಸುವ ತನಕ ನಾನು ಮಾಡಿದ್ದು ಯಾವುದೂ ಅವರಿಗೆ ಹಿಡಿಸುವುದಿಲ್ಲ. ಕಾಮಿಕ್ಸ್ ಓದುವಾಗ ಮಾತ್ರ ಕದನವಿರಾಮ.

"ಏನಾಯ್ತೇ? ದೀಪದಮ್ಮ ಗೆದ್ಲಾ?" ಎಂದರು. ಮಾತಿನ ಬದಲು ಬರೆದು ತೋರಿಸಲೆಂದು ಇಟ್ಟುಕೊಂಡಿರುವ ಸ್ಲೇಟು ಎತ್ತಿದೆ, ಇಳಿಸಿದೆ. ಸ್ಲೇಟು ತೋರಿಸಿ ಏನು ಪ್ರಯೋಜನ ಇವರಿಗೆ? ಮೇಜು ಕುಟ್ಟಿದೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲವಾದರೆ ಇಲ್ಲ ಎಂದು ಮೊದಲೇ ಮಾತಾಗಿದೆ. ಎರಡು ಸಲ ಕುಟ್ಟಿದೆ.

"ಮಿಣುಕಿ ಹೇಗಿದಾಳೆ?"

ಅದಕ್ಕೆ ಕುಟ್ಟುವುದು ಹೇಗೆ? ಅತ್ತೆ ಸ್ವಲ್ಪ ಹೊತ್ತು ಕಾದು, "ಹೋಗ್ಲಿ ಬಿಡು" ಎಂದು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೮, ಶನಿವಾರ

ಇವತ್ತು ಆದದ್ದನ್ನು ಬರೆಯಲು ಕೈ ತುರಿಸುತ್ತಿದೆ.

ಅತ್ತೆಯ ಮುಖ ನೋಡಲಾರದೆ ನಮ್ಮ ಯಜಮಾನರು ತಾವೇ ಓದಿ ಹೇಳುತ್ತೇನೆಂದು ಕೂತರು. ಇವರದು ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಕಾಮಿಕ್ಸನ್ನೂ ಹಾಗೇ ಓದುತ್ತಾರೆ. "ದೀಪಸ್ತಂಭ. ಸಂಚಿಕೆ ಅರವತ್ತೆರಡು. ಈ ಪುಸ್ತಕವನ್ನು ಒದ್ದೆ ಜಾಗದಲ್ಲಿ ಇಡಬೇಡಿ" ಎಂದು ರಕ್ಷಾಪುಟದಿಂದಲೇ ಶುರು. ಒಂದಕ್ಷರ ಬಿಡುವವರಲ್ಲ. ಒಳಪುಟ ತಿರುವಿ ಪಾತ್ರ ಪರಿಚಯಕ್ಕೂ ಕೈ ಹಾಕಿದರು. ನಾನು ಅದನ್ನು ಒಂದು ದಿನವೂ ಓದಿದವಳಲ್ಲ, ಗೊತ್ತಿರುವವರ ಪರಿಚಯ ಯಾರಿಗೆ ಬೇಕು?

"ದೀಪದಮ್ಮ, ದೀಪಸ್ತಂಭದ ಕಾವಲುಗಾತಿ. ತುಕ್ಕಣ್ಣ, ಹಳೆಯ ಹಡಗಿನ ಬಾಯ್ಲರಿನಿಂದ ಮಾಡಿದ ಯಂತ್ರಮಾನವ. ಮಿಣುಕಿ, ನೆಲಮಾಳಿಗೆಯ ತೊಟ್ಟಿಯಲ್ಲಿ ವಾಸಿಸುವ ಆಕ್ಟೋಪಸ್."

"ಯಾರು?" ಎಂದರು ಅತ್ತೆ.

"ಮಿಣುಕಿ."

"ಯಾವ ಮಿಣುಕಿ?"

"ಇದ್ರಲ್ಲಿ ಇರೋದು ಒಬ್ಳೇ ಅಲ್ವೇನಮ್ಮ."

"ಥೂ, ಸರಿಯಾಗಿ ಓದೋ! ಅವ್ಳು ದೀಪದಮ್ಮನ ಸೊಸೆ ಕಣೋ."

ಇವರು ಪುಸ್ತಕ ನೋಡಿದರು, ನನ್ನ ನೋಡಿದರು, ಮತ್ತೆ ಪುಸ್ತಕ ನೋಡಿದರು. "ಅಮ್ಮ, ಇಲ್ಲಿ ಅಚ್ಚಾಗಿದೆ. ಚಿತ್ರಾನೂ ಇದೆ. ಕೆಂಪಗೆ, ದುಂಡಗೆ ತಲೆ, ಸುತ್ತ ಎಂಟು ಕೈ."

"ಹಾಗಾದ್ರೆ ತುಕ್ಕಣ್ಣ ದೀಪದಮ್ಮನ ಮಗ ಅಲ್ವಾ? ಅವ್ನಿಗೆ ಸದಾ ನೆಗಡಿ ಅಂದ್ಕೊಂಡಿದ್ನಲ್ಲೋ ನಾನು! ದನಿ ಹಾಗಿತ್ತು!"

ನನಗೆ ನಗು ಎಲ್ಲಿಂದ ಉಕ್ಕಿತೋ. ನಗಕೂಡದು ಎಂದಿದ್ದಾರೆ ಡಾಕ್ಟರು. ಒದ್ದೆ ಟವೆಲನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು. ಆಮೇಲೆ ನಲ್ಲಿಯ ಮುಂದೆ ನಿಂತವಳಿಗೆ ನಗು ತಾನಾಗಿ ನಿಂತುಹೋಯಿತು. ಇಷ್ಟು ವರ್ಷ ನಾನು ಓದಿದ್ದು ಬರೀ ಮಾತಿನ ಗುಳ್ಳೆಗಳನ್ನು. ಚಿತ್ರದಲ್ಲಿ ಏನಿದೆ ಎಂದು ಒಂದು ದಿನವೂ ಹೇಳಿಲ್ಲ. 'ಬರೆದಿದ್ದನ್ನ ಓದಿ, ಬರೀದೇ ಇದ್ದಿದ್ದನ್ನ ಓದ್ಬೇಡಿ' ಎಂದು ನಿಲ್ದಾಣದಲ್ಲಿ ಮೊದಲ ದಿನ ಕಲಿಸಿದ್ದರು, ಮನೆಯಲ್ಲೂ ಅದೇ ಚಾಳಿ. ಅತ್ತೆ ಕೂಡ ಒಂದು ದಿನವೂ ಕೇಳಲಿಲ್ಲ ನೋಡಿ. ಅವರ ತಲೆಯೊಳಗೆ ಬೇರೆಯದೇ ದೀಪಸ್ತಂಭ ನಡೆಯುತ್ತಿತ್ತು.

ಜೂನ್ ೯, ಭಾನುವಾರ

ಅತ್ತೆ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದರು. ಸತ್ತುಹೋದ ಸೊಸೆಗೆ ಶೋಕ ಮಾಡುವಂತೆ. ಚಹಾ ಕೊಟ್ಟಾಗ ತಾವೇ ಬಾಯಿಬಿಟ್ಟರು.

"ನನ್ನ ತಪ್ಪೇನೇ? ಕೆಳಗಡೆ ಇರ್ತಾಳೆ, ಸದಾ ನೀರಿನ ವಿಷಯಾನೇ ಮಾತಾಡ್ತಾಳೆ, ಪಾತ್ರೆ ತೊಳೀತಿದಾಳೆ ಅಂದ್ಕೊಂಡೆ. ದೀಪದಮ್ಮನ ಜೊತೆ ದಿನಾ ಜಗಳ ಆಡ್ತಾಳೆ, ಕಷ್ಟ ಬಂದ್ರೆ ಇಬ್ರೂ ಒಂದು. ಇನ್ಯಾರು ಹಾಗಿರ್ತಾರೆ? ಅದೂ ಅಲ್ದೆ..." ಎಂದು ಲೋಟ ಕೆಳಗಿಟ್ಟರು. "ಅವ್ಳಿಗೆ ನಿನ್ನ ದನೀನೇ ಹಾಕ್ತಿದ್ದೆ. ದೀಪದಮ್ಮಂಗೆ ನನ್ನ ದನಿ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ?"

ಕಳ್ಳಿ ಸಿಕ್ಕಿಬಿದ್ದಳು. ದೀಪದಮ್ಮ ಗದರುವಾಗೆಲ್ಲ ನಾನು ಅತ್ತೆಯನ್ನೇ ಅಣಕಿಸುತ್ತಿದ್ದದ್ದು ಹೌದು. ಮೇಜನ್ನು ಒಂದು ಸಲ ಕುಟ್ಟಿದೆ, ಮೆಲ್ಲಗೆ.

"ಚೆನ್ನಾಗೇ ಮಾಡ್ತಿದ್ದೆ ಬಿಡು," ಎಂದರು.

ಅರವತ್ತಮೂರನೆಯದು ಓದಿದೆ. ತುಕ್ಕಣ್ಣ ಇನ್ನೂ ಹಡಗಿನ ಹೊಟ್ಟೆಯಲ್ಲಿದ್ದಾಗಿನ ಕಥೆ. ಪುಟ ತುಂಬಿಸುವ ಸಂಚಿಕೆ. ದೀಪದ ಸುದ್ದಿಯೇ ಇಲ್ಲ. ಇಷ್ಟು ಕಾಯಿಸಿ ಇದನ್ನು ಕೊಟ್ಟರೆ ಓದುವವರು ಮೂರ್ಖರೇ?

ಜೂನ್ ೧೩, ಗುರುವಾರ

ನಿಲ್ದಾಣದ ಕಂಟ್ರೋಲರ್ ನನ್ನನ್ನು ನೋಡಲು ಬಂದಿದ್ದ. ಯಂತ್ರವನ್ನು ಪರೀಕ್ಷೆಗೆಂದು ಹಾಕಿದ್ದಾರಂತೆ. "ಅಕ್ಕಾ, ಒಳ್ಳೆ ಸಕ್ಕರೆ ಪಾಕದ ದನಿ. ಆದ್ರೆ ಬಸ್ಸು ಕೆಟ್ಟು ನಿಂತ್ರೂ 'ಹೊರಡುತ್ತಿದೆ, ಹೊರಡುತ್ತಿದೆ' ಅಂತಾನೇ ಇರುತ್ತೆ" ಎಂದ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಆಗಲಿಲ್ಲ.

ಏನೂ ಓದಲಿಲ್ಲ.

ಜೂನ್ ೧೫, ಶನಿವಾರ

ಅರವತ್ತನಾಲ್ಕು ಬಂತು! ಯಜಮಾನರು ತಂದು, ಕೈಕಾಲು ತೊಳೆದು, ಅತ್ತೆಯನ್ನು ಕೂರಿಸಿಕೊಂಡು ಪುಟ ತೆರೆದರು. ರಕ್ಷಾಪುಟ ಆಯಿತು, ಪಾತ್ರ ಪರಿಚಯ ಆಯಿತು (ಈಗ ಅತ್ತೆಯೇ ಕೇಳಿ ಓದಿಸುತ್ತಾರೆ). ಆಮೇಲೆ ಓದದೇ ಒಂದೊಂದೇ ಪುಟ ತಿರುವಿದರು.

"ಏನೋ, ಓದು."

"ಓದೋಕೆ ಏನೂ ಇಲ್ಲಮ್ಮ. ಮಾತೇ ಇಲ್ಲ ಇದ್ರಲ್ಲಿ. ಅಚ್ಚು ಹಾಕೋದು ಮರ್ತಿದಾರೆ."

ನಾನು ಕಸಿದುಕೊಂಡೆ. ಮರೆತದ್ದಲ್ಲ! ಮಂಜಿನ ಸಾಹುಕಾರ ಈ ಸಲ ಊರಿನ ಶಬ್ದವನ್ನೂ ಕದ್ದಿದ್ದಾನೆ. ಅದಕ್ಕೇ ಮೊದಲ ಚೌಕದಿಂದ ಕೊನೆಯ ಚೌಕದ ತನಕ ಒಂದು ಗುಳ್ಳೆಯಿಲ್ಲ, 'ಧಡಾರ್' ಇಲ್ಲ, 'ಠಣ್' ಇಲ್ಲ. ಬರೀ ಚಿತ್ರ. ಮತ್ತೆ ಆ ಚಿತ್ರಗಳೋ! ಆ ಕೈಬಾರದ ಚಿತ್ರಕಾರನಿಗೆ ಏನಾಗಿಹೋಯಿತೋ, ಇದರಲ್ಲಿ ಇರುವುದೆಲ್ಲ ಕೈಗಳೇ. ನಾನು ಹಿಂದೆ ಬರೆದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಒಂದೇ ಉಸಿರಿಗೆ ಓದಿ ಮುಗಿಸಿ, ತಲೆಯೆತ್ತಿದರೆ ಅತ್ತೆ ಎದುರಿಗೆ ಕೂತಿದ್ದಾರೆ, ಕೈ ಮಡಿಲಲ್ಲಿ.

"ನಿಂಗೊಬ್ಳಿಗೇನಾ?" ಎಂದರು.

ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಗಂಟಲಿನ ಮೇಲೆ. ಯಜಮಾನರಿಗೆ ಸ್ಲೇಟಿನಲ್ಲಿ ಬರೆದುಕೊಡೋಣವೆಂದರೆ ಅವರು ಅದನ್ನೂ ಮೀಟರಿನಂತೆ ಓದುತ್ತಾರೆ. ಎದ್ದು ಅತ್ತೆಯ ಕೈ ಹಿಡಿದೆ. ಮನೆಯ ಹೊರಗೆ ಮಹಡಿಗೆ ಹೋಗುವ ಮೆಟ್ಟಿಲಿನ ಬುಡಕ್ಕೆ ಕರೆದುಕೊಂಡು ಹೋಗಿ, ಅವರ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿಸಿದೆ. ಅತ್ತೆ ಅಂಗೈ ಸರಿಸಿ ನೋಡಿ, "ಗೋಡೆ ಹಿಡ್ಕೊಂಡು ಹೋಗ್ತಿದಾಳೆ. ದೀಪದಮ್ಮ. ಕಣ್ಣು ಕಾಣ್ತಿಲ್ಲ ಅವ್ಳಿಗೆ, ಮಂಜು" ಎಂದರು. ಅವರ ಬೆನ್ನಿನ ಮೇಲೆ ಒಂದು ಸಲ ಕುಟ್ಟಿದೆ.

ಎರಡು ಮೆಟ್ಟಿಲು ಹತ್ತಿದ ಮೇಲೆ, ಕಂಬಿಯ ಮೇಲೆ ಒಣಹಾಕಿದ್ದ ಒದ್ದೆ ಟವೆಲನ್ನು ನನ್ನ ಕೈಗೆ ಸುತ್ತಿಕೊಂಡು ಅವರ ಮೊಣಕೈ ಹಿಡಿದೆ. ಅತ್ತೆ ಬೆಚ್ಚಿಬಿದ್ದರು. "ಅಯ್ಯೋ! ಇದ್ಯಾರು... ಮಿಣುಕಿ? ತೊಟ್ಟಿಯಿಂದ ಹೊರಗೆ ಬಂದ್ಲಾ? ಉಸಿರು ಕಟ್ಟಲ್ವೇನೇ ಅವ್ಳಿಗೆ?" ಕುಟ್ಟಿದೆ, ಒಂದು ಸಲ. ಹೌದು, ಕಟ್ಟುತ್ತದೆ. ಆದರೂ ಬಂದಿದ್ದಾಳೆ. ಅವರ ಕೈಯನ್ನು ನನ್ನ ಎದೆಯ ಮೇಲಿಟ್ಟು, ಏದುಸಿರು ಬಿಡುವಂತೆ ಎದೆ ಏರಿಸಿ ಇಳಿಸಿದೆ. ಅತ್ತೆ ಆಮೇಲೆ ನನಗೆ ಕಾಯಲಿಲ್ಲ. ನನ್ನನ್ನೇ ಎಳೆದುಕೊಂಡು ಹತ್ತತೊಡಗಿದರು. "ಬಾರೇ, ಬಾರೇ, ಬೇಗ ಹತ್ತು, ಒಣಗಿಹೋಗ್ತೀಯ!"

ಮಹಡಿಯ ಮೇಲೆ ಬಿಸಿಲಿತ್ತು. ಕೊನೆಯ ಪುಟದಲ್ಲಿ ತುಕ್ಕಣ್ಣ ಕಳವಾದ ದೀಪದ ಜಾಗದಲ್ಲಿ ತಾನೇ ನಿಂತು, ಹೊಟ್ಟೆಯ ಬಾಗಿಲು ತೆರೆದು, ತನ್ನ ಒಲೆಯ ಬೆಂಕಿಯನ್ನು ಸಮುದ್ರಕ್ಕೆ ತೋರಿಸುತ್ತಾನೆ. ಇದನ್ನು ಹೇಗೆ ಹೇಳುವುದು? ಕೆಳಗೆ ಓಡಿ ಬಿಸಿ ಚಹಾದ ಲೋಟ ತಂದು ಅತ್ತೆಯ ಹೊಟ್ಟೆಗೆ ತಾಗಿಸಿ, ಅವರ ಎರಡೂ ಕೈಗಳನ್ನು ಬಾಗಿಲಿನಂತೆ ಅಗಲಿಸಿ, ಮುಖವನ್ನು ಬಿಸಿಲಿಗೆ ತಿರುಗಿಸಿದೆ. ಅತ್ತೆ ಹಾಗೇ ನಿಂತರು. ಕೆನ್ನೆಯ ಮೇಲೆ ನೀರು ಇಳಿಯಿತು.

"ನನ್ಮಗ್ನೇ," ಎಂದರು. "ತನ್ನ ಒಲೇನೇ ಉರಿಸ್ದ. ಯಂತ್ರ ಆದ್ರೇನು, ಮಗ ಮಗಾನೇ."

ಯಜಮಾನರು ಹಿಂದೆ ಬಂದು ನಿಂತಿದ್ದರು. ಪಕ್ಕದ ಮನೆಯವರೂ ಕಿಟಕಿಯಲ್ಲಿ. "ಏನ್ ನಡೀತಿದೆ ಇಲ್ಲಿ?" ಎಂದರು ಇವರು.

"ಕಾಣಲ್ವೇನೋ? ಓದ್ತಾ ಇದೀವಿ," ಎಂದರು ಅತ್ತೆ.

ಇವತ್ತು ಗಂಟಲಿನ ನೆನಪೇ ಆಗಲಿಲ್ಲ ಎಂದು ಈಗ ಹೊಳೆಯಿತು.

ಜೂನ್ ೧೮, ಮಂಗಳವಾರ

ಡಾಕ್ಟರು ಬಾಯಿಯ ಬೀಗ ತೆಗೆದರು. "ನಿಧಾನಕ್ಕೆ 'ಆ' ಅನ್ನಿ."

ಅಂದೆ. ತುಕ್ಕು ಹಿಡಿದ ಗೇಟು ತೆರೆದ ಸದ್ದು ಬಂತು. ಇನ್ನೊಂದು ಸಲ ಅನ್ನಿ ಎಂದರು. ಅದೇ ಗೇಟು. "ಇಷ್ಟು ಚೆನ್ನಾಗಿ ಬಂತಲ್ಲ!" ಎಂದು ಅವರು ಖುಷಿಪಟ್ಟರು. ದಿನಕ್ಕೆ ಸ್ವಲ್ಪ ಹೊತ್ತು ಮಾತಾಡಬೇಕು, ವಾರ ವಾರ ಹೆಚ್ಚಿಸಬೇಕು. ಹಳೆಯ ದನಿ ಬರುತ್ತದಾ ಎಂದು ಕೇಳಿದೆ. "ದನಿ ಬರುತ್ತೆ. ಹಳೇದೇ ಬೇಕು ಅನ್ಬೇಡಿ" ಎಂದರು.

ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಸ್ಲೇಟಿನಲ್ಲಿ 'ಇನ್ನೂ ಮಾತಾಡಬಾರದಂತೆ' ಎಂದು ಬರೆದು ಯಜಮಾನರಿಗೆ ತೋರಿಸಿದೆ. ಸುಳ್ಳು. ಆದರೆ ಆ ಗೇಟಿನ ಸದ್ದನ್ನು ಯಾರ ಮುಂದೆ ಬಿಡಲಿ?

ಜೂನ್ ೧೯, ಬುಧವಾರ

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನನ್ನ ಹೆಸರು ಹೇಳಿಕೊಂಡೆ. ಯಾರೋ ಬೇರೆ ಹೆಂಗಸು ಕರೆದಂತಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಜೂನ್ ೨೧, ಶುಕ್ರವಾರ

ಅತ್ತೆಗೆ ಗೊತ್ತಾಗಿದೆ. ಗೊತ್ತಾಗದೆ ಇರುತ್ತದೆಯೇ, ಕಣ್ಣಿಲ್ಲದ್ದಕ್ಕೆ ಕಿವಿ ದುಪ್ಪಟ್ಟು. ಯಜಮಾನರು ಕೆಲಸಕ್ಕೆ ಹೋದ ಮೇಲೆ ಅರವತ್ತನಾಲ್ಕನ್ನು ನನ್ನ ಮಡಿಲಿಗೆ ಹಾಕಿ, "ಇನ್ನೊಂದ್ಸಲ ಓದು" ಎಂದರು. ನಾನು ಅವರ ಕೈ ಹಿಡಿದು ಮೆಟ್ಟಿಲಿನ ಕಡೆಗೆ ಹೊರಟೆ.

"ಮಂಡಿ ನೋವು ಕಣೇ, ದಿನಾ ಹತ್ತೋಕಾಗಲ್ಲ. ಬಾಯಲ್ಲಿ ಹೇಳು. ಬಚ್ಚಲಲ್ಲಿ ಮಾತಾಡೋಕೆ ಬರುತ್ತಲ್ಲ, ಇಲ್ಲೂ ಬರುತ್ತೆ."

ನನಗೆ ಮುಖ ಸುಟ್ಟಹಾಗಾಯಿತು. "ಚೆನ್ನಾಗಿಲ್ಲ ಅತ್ತೆ," ಎಂದೆ. ಅಷ್ಟೇ. ಗೇಟು ತೆರೆದು ಮುಚ್ಚಿತು.

ಅತ್ತೆ ತಲೆ ಓರೆ ಮಾಡಿ ಕೇಳಿಸಿಕೊಂಡರು. ಅಯ್ಯೋ ಪಾಪ ಅನ್ನಲಿಲ್ಲ, ಚೆನ್ನಾಗಿದೆ ಎಂದೂ ಅನ್ನಲಿಲ್ಲ. "ಗೊರಗೊರ ಅನ್ನುತ್ತೆ," ಎಂದರು. "ಆದ್ರೆ ಮಾತು ತಿಳಿಯುತ್ತೆ. ಹೇಳು, ಮಂಜು ಯಾವ ಬಣ್ಣ ಬರ್ದಿದಾನೆ?"

ಬೂದಿ ಬಣ್ಣ ಎಂದೆ. ಎಂಥ ಬೂದಿ ಎಂದರು. ಒಲೆಯದಲ್ಲ, ಪೆನ್ಸಿಲಿನ ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದಲ್ಲ, ಅದು ಎಂದೆ. ಅದಕ್ಕೆ ತಲೆಯಾಡಿಸಿದರು. ಒಂದು ಪುಟ ಆಗುವಷ್ಟರಲ್ಲಿ ಡಾಕ್ಟರು ಹೇಳಿದ ಹೊತ್ತು ಮುಗಿಯಿತು.

ಜೂನ್ ೨೯, ಶನಿವಾರ

ಇವತ್ತು ಅರವತ್ತೊಂದರ ಕಪ್ಪು ಪುಟ ಮುಗಿಸಿದೆವು. ಒಂದೇ ಚಿತ್ರ, ಒಂದೂ ಮಾತಿಲ್ಲ, ಹಿಂದೆಲ್ಲ ಅತ್ತೆಗೆ ಓದುವಾಗ ನಾನು ಏನೂ ಹೇಳದೆ ತಿರುವಿಬಿಡುತ್ತಿದ್ದಂಥ ಪುಟ. ಅದನ್ನು ಹೇಳಲು ಇವತ್ತಿನ ಪೂರ್ತಿ ಮಾತು ಬೇಕಾಯಿತು. ಅತ್ತೆ ಪ್ರಶ್ನೆ ಕೇಳಿ ಕೇಳಿ ಪ್ರಾಣ ತಿನ್ನುತ್ತಾರೆ. ಬಾಗಿಲು ಎಡಕ್ಕಿದೆಯಾ ಬಲಕ್ಕಿದೆಯಾ, ಅವಳು ಚಪ್ಪಲಿ ಹಾಕಿದ್ದಾಳಾ, ಗಾಜು ಒಡೆದಿದೆಯಾ. ಚಪ್ಪಲಿಯ ವಿಷಯ ನಾನು ಗಮನಿಸಿಯೇ ಇರಲಿಲ್ಲ. ಕಪ್ಪಿನೊಳಗೆ ಕಣ್ಣು ಕಿರಿದು ಮಾಡಿ ಹುಡುಕಿದರೆ ತೆಳು ಗೆರೆಯ ಪಾದ, ಚಪ್ಪಲಿ ಹಾಕಿಲ್ಲ! ದೀಪ ಕಳವಾದ ಸುದ್ದಿ ಕೇಳಿ ಬರಿಗಾಲಿನಲ್ಲಿ ಓಡಿ ಬಂದಿದ್ದಾಳೆ. ಹಳೆಯ ಚಿತ್ರಕಾರ ಎಷ್ಟು ಸೂಕ್ಷ್ಮದವನು!

ಕಿಟಕಿ ತೆಗೆಯುವ ಬಗ್ಗೆ ಸಂಜೆ ಜಗಳವಾಯಿತು. ಗೆದ್ದದ್ದು ಅವರೇ. ಗೊರಗೊರ ದನಿಯಲ್ಲಿ ಜಗಳ ಗೆಲ್ಲುವುದು ಕಷ್ಟ.

ಜುಲೈ ೪, ಗುರುವಾರ

ಅರವತ್ತೈದು ನಾಲ್ಕು ದಿನ ತಡವಾಗಿ ಬಂತು. ಓದಿ ಪುಸ್ತಕವನ್ನು ಸೋಫಾದ ಮೇಲೆ ಬಿಸಾಕಿದೆ.

ಮಂಜಿನ ಸಾಹುಕಾರನಿಗೆ ಇದ್ದಕ್ಕಿದ್ದಂತೆ ಒಳ್ಳೆಯ ಬುದ್ಧಿ ಬಂತಂತೆ. ಚೀಲ ಬಿಚ್ಚಿ ಬೆಳಕು ವಾಪಸು ಕೊಟ್ಟನಂತೆ. ಹಡಗುಗಳು ದಡ ಸೇರಿದವಂತೆ. ಕೊನೆಯ ಚೌಕದಲ್ಲಿ 'ಎಲ್ಲವೂ ಮೊದಲಿನಂತಾಯಿತು' ಎಂದು ಬರೆದಿದ್ದಾನೆ, ಮಹಾನುಭಾವ. ಮೊದಲಿನಂತಾಯಿತಂತೆ! ತುಕ್ಕಣ್ಣ ಮೈ ಸುಟ್ಟುಕೊಂಡದ್ದು? ಮಿಣುಕಿಯ ಒಣಗಿದ ಕೈ? ಒಂದು ಗೆರೆಯೂ ಇಲ್ಲ. ಅಷ್ಟು ಚೆಂದದ ಸಂಚಿಕೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದ.

ಅತ್ತೆಗೆ ಎಲ್ಲ ಓದಿ ಹೇಳಿದೆ, ಬೈದುಕೊಂಡೇ. ಅವರು ಸಮಾಧಾನದಿಂದ ಕೇಳಿ, "ಪುಟ ಮುಗಿದುಹೋಗಿರ್ಬೇಕು ಪಾಪ" ಎಂದರು.

"ನಿಮಗೆ ಸಿಟ್ಟು ಬರಲ್ವಾ?"

"ನಾನ್ಯಾಕೆ ಅವನ ಮಾತು ನಂಬ್ಲಿ? ಮಿಣುಕಿ ಸೊಸೆ ಅಂತ ಇಷ್ಟು ವರ್ಷ ನಂಬಿದ್ದೆ, ಅವಳೇನು ನಂಗೆ ಕಮ್ಮಿ ಆದ್ಲಾ? ಇದೂ ಹಾಗೇ. ತುಕ್ಕಣ್ಣ ಇನ್ನೂ ಮೇಲೇ ನಿಂತಿದಾನೆ. ಅವ್ನ ಬೆಳಕು ಕೆಂಪು. ಹಡಗಿನೋರಿಗೆ ಮೊದಮೊದಲು ಗೊತ್ತಾಗಲ್ಲ, ಆಮೇಲೆ ರೂಢಿ ಆಗುತ್ತೆ."

ಪುಸ್ತಕ ಮುಚ್ಚಿಟ್ಟೆ. ಕಾಮಿಕ್ಸಿನ ಬಗ್ಗೆ ನನ್ನ ಜೊತೆ ವಾದ ಮಾಡಿ ಇದುವರೆಗೆ ಯಾರೂ ಗೆದ್ದಿರಲಿಲ್ಲ.

ಜುಲೈ ೧೦, ಬುಧವಾರ

ಪರೀಕ್ಷೆ ಸೋಮವಾರ ಎಂದು ಸಾಹೇಬರ ಫೋನು. ಹಗಲೆಲ್ಲ ಅಭ್ಯಾಸ ಮಾಡಿದೆ. ದನಿ ಈಗ ಗೇಟಿನಂತಿಲ್ಲ, ತಗ್ಗಾಗಿ, ದಪ್ಪಗೆ, ಅಂಚಿನಲ್ಲಿ ಸ್ವಲ್ಪ ಒರಟು. ಹಳೆಯದಂತೂ ಅಲ್ಲ. ಮೇಲಕ್ಕೆ ಎತ್ತಿದರೆ ಒಡೆಯುತ್ತದೆ.

"ತಲೆ ತಿನ್ಬೇಡ, ಹೊರಗೆ ಕರ್ಕೊಂಡು ಹೋಗು" ಎಂದು ಅತ್ತೆ ಎಬ್ಬಿಸಿದರು. ಮಾರುಕಟ್ಟೆಯ ತನಕ ನಡೆದೆವು. ಮೂಲೆಮನೆಗೆ ಹಳದಿ ಬಣ್ಣ ಬಳಿಯುತ್ತಿದ್ದರು, ಬಳಿಯುವವನ ತಲೆಯೇ ಗೋಡೆಗಿಂತ ಹಳದಿಯಾಗಿತ್ತು. ಅದನ್ನು ಹೇಳಿದೆ, ಅತ್ತೆ ನಕ್ಕರು. ಮುಂದೆ ಹಳ್ಳ, ಆಚೆ ಕಟ್ಟಿದ ನಾಯಿ, ಎದುರಿಗೆ ಒಂದು ನೀಲಿ ಛತ್ರಿ ಎಂದು ದಾರಿಯುದ್ದಕ್ಕೂ ಏನೇನೋ ಹೇಳುತ್ತಲೇ ಹೋದೆ. ಮನೆಗೆ ಬಂದ ಮೇಲೆ ನೆನಪಾಯಿತು, ಅಭ್ಯಾಸ ಬಿಟ್ಟು ಹೊತ್ತು ಕಳೆದೆನಲ್ಲ ಎಂದು.

ಜುಲೈ ೧೪, ಭಾನುವಾರ

ನಾಳೆ ಅತ್ತೆಯೂ ಬರುತ್ತಾರಂತೆ. ಬೇಡವೆಂದರೆ ಕೇಳುವವರಲ್ಲ. ಭಯವಾಗುತ್ತಿದೆ. ಕಳೆದ ಸಾಮಾನಿನ ಕೋಣೆಗೆ ಕಿಟಕಿ ಕೂಡ ಇಲ್ಲ.

ಜುಲೈ ೧೫, ಸೋಮವಾರ

ಎಲ್ಲಿಂದ ಶುರುಮಾಡಲಿ?

ಯಜಮಾನರು ನಮ್ಮನ್ನು ನಿಲ್ದಾಣದಲ್ಲಿ ಬಿಟ್ಟು, ಅತ್ತೆಯನ್ನು ನನ್ನ ಮೈಕಿನ ಗಾಜಿನ ಗೂಡಿನ ಎದುರಿನ ಬೆಂಚಿನ ಮೇಲೆ ಕೂರಿಸಿ, ಸ್ಕೂಟರ್ ನಿಲ್ಲಿಸಲು ಹೋದರು. ಸಾಹೇಬರು ಕೈಗೆ ಚೀಟಿ ಕೊಟ್ಟರು. "ಇದನ್ನ ಓದಿ. ನಾನು ಆ ತುದಿಯ ಪ್ಲಾಟ್‌ಫಾರ್ಮಲ್ಲಿ ನಿಂತು ಕೇಳ್ತೀನಿ." ಕಂಟ್ರೋಲರ್ ಮೈಕಿನ ಗುಂಡಿ ಒತ್ತಿ ನನಗೆ ಕಣ್ಣು ಹೊಡೆದ.

ಮೊದಲ ಸಾಲು ಓದಿದೆ. ನನ್ನ ದನಿ ಛಾವಣಿಗೆ ಬಡಿದು ನನಗೇ ವಾಪಸು ಬಂತು. ತಗ್ಗು, ಒರಟು. ಕೆಳಗೆ ಒಂದಿಬ್ಬರು ತಲೆಯೆತ್ತಿ ನೋಡಿದರು. ಎರಡನೆಯ ಸಾಲಿನಲ್ಲಿ ಎತ್ತಲು ಹೋದೆ, ಒಡೆಯಿತು. ಮುಗಿಯಿತು ಎಂದುಕೊಂಡೆ. ಗಾಜಿನಾಚೆ ಅತ್ತೆ ಚೀಲ ಮಡಿಲಲ್ಲಿಟ್ಟುಕೊಂಡು, ತಲೆ ಓರೆ ಮಾಡಿ, ಓದುವುದನ್ನು ಕೇಳಲು ಕೂರುತ್ತಾರಲ್ಲ ಹಾಗೆ ಕೂತಿದ್ದರು.

ಎತ್ತುವುದನ್ನು ಬಿಟ್ಟೆ. ಮನೆಯಲ್ಲಿ ಮಾತಾಡುವ ದನಿಯಲ್ಲೇ, ಚೀಟಿಯಲ್ಲಿದ್ದ ಮೂರನೆಯ ಸಾಲು ಓದಿದೆ. "ಬಂದರಿಗೆ ಹೋಗುವ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿದೆ." ಆ ಸಾಲು ಅಲ್ಲಿಗೆ ಮುಗಿದಿತ್ತು. ನನ್ನ ಬಾಯಿ ಮುಗಿಸಲಿಲ್ಲ. "ಹಸಿರು ಬಸ್ಸು. ನೀವು ಬೆಂಚುಗಳ ಹತ್ತಿರ ಇದ್ದರೆ ಬಲಕ್ಕೆ ತಿರುಗಿ, ನೇರ ನಡೆಯಿರಿ. ಕುಡಿಯುವ ನೀರಿನ ನಲ್ಲಿಯ ಸದ್ದು ಕೇಳಿಸುತ್ತದೆ, ಅದನ್ನು ದಾಟಿದರೆ ಬಾಗಿಲು. ಮೆಟ್ಟಿಲು ಎತ್ತರ ಇದೆ, ಕಂಬಿ ಹಿಡಿದು ಹತ್ತಿ. ಅವಸರ ಇಲ್ಲ, ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದಾರೆ." ಚಹಾ ಕುಡಿಯುತ್ತಿದ್ದ ಡ್ರೈವರು ತಲೆಯೆತ್ತಿ ಲೋಟ ಎತ್ತಿ ತೋರಿಸಿದ. ಯಾರೋ ಕಿಸಕ್ಕನೆ ನಕ್ಕರು. ಉಳಿದ ಸಾಲುಗಳನ್ನೂ ಹಾಗೇ ಮುಗಿಸಿದೆ.

ಸಾಹೇಬರು ಬಂದರು. ಕನ್ನಡಕ ಒರೆಸಿದರು. "ಮೊದಲಿನ ದನಿ ಅಲ್ಲಮ್ಮ."

"ಅಲ್ಲ ಸಾರ್."

"ಒಂದ್ಕಡೆ ಒಡೀತು."

"ಹೌದು ಸಾರ್."

"ಮತ್ತೆ ಚೀಟಿಯಲ್ಲಿ ಇಲ್ದಿದ್ದು ಯಾಕೆ ಓದಿದ್ರಿ? ನಲ್ಲಿ, ಮೆಟ್ಟಿಲು, ಚಹಾ! ಜನಕ್ಕೆ ಕಣ್ಣಿಲ್ವಾ?"

ಚೀಟಿ ಅವರ ಕೈಗೆ ವಾಪಸು ಕೊಟ್ಟೆ. ಅಷ್ಟರಲ್ಲಿ ಯಜಮಾನರು ಓಡಿಬಂದರು, ಮುಖದಲ್ಲಿ ರಕ್ತವಿಲ್ಲ. "ಅಮ್ಮ ಇಲ್ಲ! ಬೆಂಚಲ್ಲಿ ಇಲ್ಲ!"

ಬೆಂಚು ಖಾಲಿ. ಬಸ್ಸುಗಳು ಹಿಂದೆ ಮುಂದೆ ಸರಿದಾಡುವ ಜಾಗ, ಕಣ್ಣು ಕಾಣದ ಮುದುಕಿ. ಎಲ್ಲರೂ ಓಡಿದೆವು, ಸಾಹೇಬರೂ ಸಹ. ಶೌಚಾಲಯದ ಕಡೆ ನೋಡಿದೆವು, ಕೌಂಟರಿನ ಸಾಲಿನಲ್ಲಿ ನೋಡಿದೆವು. ಆಗ ನಾಲ್ಕನೇ ಪ್ಲಾಟ್‌ಫಾರ್ಮಿನಿಂದ ಚಹಾದ ಡ್ರೈವರು ಕೂಗಿದ. "ಯಾರ ಕಡೆಯೋರಪ್ಪ ಈ ಅಜ್ಜಿ?"

ಹಸಿರು ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ, ಅತ್ತೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅಮ್ಮಾ! ಯಾರು ಕರ್ಕೊಂಡು ಬಂದ್ರು ನಿನ್ನ?" ಎಂದು ಯಜಮಾನರು ಕಿರುಚಿದರು.

"ಯಾರೂ ಇಲ್ಲ. ಇವ್ಳು ಹೇಳಿದ್ಲಲ್ಲ. ಬಲಕ್ಕೆ ತಿರುಗ್ದೆ, ನಲ್ಲಿ ಸದ್ದು ಕೇಳಿಸ್ತು, ಹಸಿರು ಕಾಣ್ತು, ಕಂಬಿ ಹಿಡ್ದೆ, ಹತ್ತಿದೆ."

"ಯಾಕಮ್ಮ ಹತ್ತಿದ್ದು?"

"ದನಿ ಸರಿಯಾಗಿದೆಯಾ ಅಂತ ಪರೀಕ್ಷೆ ತಾನೇ ಇವತ್ತು? ಸಾಹೇಬ್ರಿಗೆ ಕಣ್ಣು ಕಾಣುತ್ತೆ, ಅವ್ರಿಗೇನು ಗೊತ್ತಾಗುತ್ತೆ? ಅದಕ್ಕೇ ನಾನೇ ಮಾಡ್ದೆ."

ಸಾಹೇಬರು ಬಸ್ಸಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಲ್ಲಿಯ ಕಡೆ ನೋಡಿದರು, ದೂರದ ಬೆಂಚಿನ ಕಡೆ ನೋಡಿದರು. "ನಾಳೆ ಬೆಳಗಿನ ಪಾಳಿಗೆ ಬನ್ನಿ," ಎಂದರು ನನಗೆ. "ಚಹಾದ ವಿಷಯ ಮಾತ್ರ ಬೇಡ."

ನನಗೆ ಅಳು ಬಂತು. ಎಲ್ಲರೆದುರಿಗೇ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಡ್ರೈವರು ಹಾರ್ನ್ ಹೊಡೆದ. ಇಳಿಯಿರಿ ಅತ್ತೆ ಎಂದು ಕೈ ಚಾಚಿದರೆ ಅವರು ಕೈ ಹಿಡಿದು ನನ್ನನ್ನೇ ಒಳಗೆ ಎಳೆದರು. "ಹತ್ತಿದ್ದು ಹತ್ತಾಯ್ತು. ಸಮುದ್ರದ ಹತ್ರ ಹೋಗಿ ಎಷ್ಟು ಕಾಲ ಆಯ್ತು. ನೀನೂ ಬಾ. ಅವ್ನು ಸ್ಕೂಟರ್ ತಗೊಂಡು ಮನೆಗೆ ಹೋಗ್ಲಿ."

ಬಂದರಿನ ಕಟ್ಟೆಯ ಮೇಲೆ ಕೂತೆವು. ಎದುರಿಗೆ ನೀರು, ಲಂಗರು ಹಾಕಿದ ಹಡಗುಗಳು, ದೂರದಲ್ಲಿ ಹೊಗೆ. ನಾನು ಎಡದಿಂದ ಶುರುಮಾಡಿ ಒಂದೊಂದೇ ಹೇಳತೊಡಗಿದೆ. ಮೊದಲ ಹಡಗಿಗೆ ಕೆಂಪು ಹೊಟ್ಟೆ, ಎರಡನೆಯದರಲ್ಲಿ ಯಾರೋ ಬಟ್ಟೆ ಒಣಹಾಕಿದ್ದಾರೆ, ನೀರು ಹತ್ತಿರದಲ್ಲಿ ಹಸಿರು, ಆಚೆ ಹೋಗುತ್ತ ಹೋಗುತ್ತ ಬಿಳಿ. ಮೂರನೆಯ ಹಡಗಿಗೆ ಬರುವಷ್ಟರಲ್ಲಿ ಗಂಟಲು ಒಣಗಿ ಕೆಮ್ಮು ಬಂತು.

ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಮುಖ ನೀರಿನ ಬೆಳಕಿಗೆ ತಿರುಗಿತ್ತು.

"ಸಾಕು ಬಿಡೇ. ನಾಳೆ ಕೆಲ್ಸ ಇದೆ, ಗಂಟಲು ಉಳಿಸ್ಕೋ," ಎಂದರು. "ಮಿಕ್ಕಿದ್ದು ನಾನೇ ನೋಡ್ತೀನಿ."